ಸಿಗ್ನಲ್ ಸಿಗದ ಘಾಟಿಯಲ್ಲಿ ಇಂಟರ್‌ನೆಟ್ ವಾಹನದ ವ್ಯಾಪಾರ

ಪ್ರಶ್ನೆ: ನನಗೆ 28 ವರ್ಷ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕಾರುಗಳ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನಲ್ಲಿ ನನ್ನ ತಂದೆಯವರ ಗ್ಯಾರೇಜ್ ಇದೆ. ಊರಿಗೆ ಮರಳಿ ಇಂಟರ್‌ನೆಟ್ ಸಂಪರ್ಕವಿರುವ ವಾಹನಗಳ ಕ್ಷೇತ್ರದಲ್ಲಿ ಏನಾದರೂ ಆರಂಭಿಸುವ ಆಸೆ. ಕೈಯಲ್ಲಿ ಆರು ಲಕ್ಷ ರೂಪಾಯಿ ಉಳಿತಾಯವಿದೆ. ಸ್ವಂತ ಜಿಪಿಎಸ್ ಸಾಧನ ತಯಾರಿಸಲೇ, ಆ್ಯಪ್ ಮಾಡಲೇ? ಘಾಟಿಯಲ್ಲಿ ಮೊಬೈಲ್ ಸಿಗ್ನಲ್ಲೇ ಸಿಗುವುದಿಲ್ಲ, ಮಲೆನಾಡಿನಲ್ಲಿ ಇದೆಲ್ಲ ನಡೆಯುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ.

ಉತ್ತರ: ಸಾಧನ ತಯಾರಿಸುವ ಯೋಚನೆಯನ್ನು ಬಿಟ್ಟುಬಿಡಿ. ಆ್ಯಪ್ ಕೂಡ ಈಗ ಬೇಡ. ಆದರೆ ಊರಿಗೆ ಖಂಡಿತ ಬನ್ನಿ. ಮೂರಕ್ಕೂ ಕಾರಣ ಹೇಳುತ್ತೇನೆ. ಮೊದಲು ನಿಮ್ಮ ಗೆಳೆಯರ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಅವರು ಯಾವುದನ್ನು ಅಡ್ಡಿ ಎಂದುಕೊಂಡಿದ್ದಾರೋ ನಿಮ್ಮ ದುಡಿಮೆ ಇರುವುದು ಅಲ್ಲೇ.

ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ಮೀನು ವ್ಯಾಪಾರಿಯೊಬ್ಬರು ನನ್ನ ಬಳಿ ಬಂದಿದ್ದರು. ಮಲ್ಪೆಯಿಂದ ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳನ್ನು ಹೇರಿಕೊಂಡು ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ ದಾರಿಯಾಗಿ ಬರುವ ತಮ್ಮ ಪಿಕಪ್ ವಾಹನಕ್ಕೆ ಅವರು ಟ್ರ್ಯಾಕರ್ ಹಾಕಿಸಿದ್ದರು. ನಕ್ಷೆಯಲ್ಲಿ ನೋಡಿದರೆ ಗಾಡಿ ಸೋಮೇಶ್ವರದ ಬಳಿ ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿರುತ್ತದೆ. ಆಮೇಲೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಒಂದೇ ನಿಮಿಷದಲ್ಲಿ ದಾಟಿ ಆಗುಂಬೆಯ ಆಚೆ ಕಾಣಿಸಿಕೊಳ್ಳುತ್ತದೆ. ಚಾಲಕ ಘಾಟಿಯ ಬುಡದಲ್ಲಿ ಮಲಗಿ ಎದ್ದು, ಆಮೇಲೆ ಕಣ್ಣುಮುಚ್ಚಿ ಓಡಿಸುತ್ತಾನೆ ಎಂದು ಮಾಲೀಕರು ತೀರ್ಮಾನಿಸಿದ್ದರು. ಎಂಟು ವರ್ಷ ಜೊತೆಗಿದ್ದ ಚಾಲಕ ಬೈಗುಳ ಕೇಳಿಸಿಕೊಂಡು, ಕೀಲಿಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋಗಿದ್ದ.

ದಾಖಲೆಗಳನ್ನು ತೆರೆದು ಒಂದೊಂದೇ ಸಾಲು ನೋಡಿದೆವು. ಪ್ರತಿ ಸಾಲಿನಲ್ಲೂ ಎರಡು ಸಮಯ ಬರೆದಿರುತ್ತದೆ. ಒಂದು, ಉಪಗ್ರಹದಿಂದ ಸ್ಥಾನವನ್ನು ಪಡೆದ ಸಮಯ. ಇನ್ನೊಂದು, ಆ ಮಾಹಿತಿ ಸರ್ವರ್ ತಲುಪಿದ ಸಮಯ. ಸಿಗ್ನಲ್ ಇರುವ ಕಡೆ ಎರಡಕ್ಕೂ ಒಂದೆರಡು ಸೆಕೆಂಡಿನ ಅಂತರ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಹೋದರೂ ಉಪಗ್ರಹದ ಸಂಕೇತ ಹೋಗುವುದಿಲ್ಲ. ಸಾಧನ ತಾನಿರುವ ಜಾಗವನ್ನು ಗುರುತು ಹಾಕಿಕೊಳ್ಳುತ್ತಲೇ ಇರುತ್ತದೆ, ಸಿಗ್ನಲ್ ಸಿಕ್ಕ ಕೂಡಲೇ ಎಲ್ಲವನ್ನೂ ಒಟ್ಟಿಗೆ ಕಳುಹಿಸುತ್ತದೆ. ಆ ಸೇವೆ ಮಾರಿದವರ ತಂತ್ರಾಂಶ ಎರಡನೆಯ ಸಮಯವನ್ನು ಹಿಡಿದು ನಕ್ಷೆ ಬಿಡಿಸುತ್ತಿತ್ತು. ಮೊದಲನೆಯ ಸಮಯವನ್ನು ಹಿಡಿದು ನೋಡಿದಾಗ ಗಾಡಿ ಎಲ್ಲೂ ನಿಂತಿರಲಿಲ್ಲ. ಆ ಮಳೆಯಲ್ಲಿ, ಆ ಮಂಜಿನಲ್ಲಿ, ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಚಾಲಕ ಅಚ್ಚುಕಟ್ಟಾಗಿ ಘಾಟಿ ಹತ್ತಿದ್ದ. ಮಾಲೀಕರು ಅಂದು ಸಂಜೆಯೇ ಅವನ ಮನೆಗೆ ಹೋಗಿ ಕರೆತಂದರು.

ಸೇವೆ ಮಾರಿದವರನ್ನು ದೂರವಾಣಿಯಲ್ಲಿ ಹಿಡಿಯಲು ನಮಗೆ ಮೂರು ದಿನ ಬೇಕಾಯಿತು. ಅವರು ಬೇರೆ ರಾಜ್ಯದ ನಗರವೊಂದರಲ್ಲಿದ್ದರು, ಘಾಟಿ ಎಂದರೇನೆಂದೇ ಅವರಿಗೆ ಹೊಳೆಯಲಿಲ್ಲ. ನಿಮ್ಮ ಅಂಗಡಿಗೆ ಜಾಗ ಇರುವುದು ಇಲ್ಲಿಯೇ. ಆ್ಯಪ್ ಮಾಡಿ ನಕ್ಷೆಯ ಮೇಲಿನ ಚುಕ್ಕೆಯನ್ನು ಮಾರಲು ನೂರು ಕಂಪನಿಗಳಿವೆ, ಆ್ಯಪ್ ಈಗ ಬೇಡ ಎಂದದ್ದು ಅದಕ್ಕೇ. ಆ ಚುಕ್ಕೆ ಏಕೆ ನಿಂತಿತು ಎಂದು ಕನ್ನಡದಲ್ಲಿ ಹೇಳಿ, ಅಗತ್ಯ ಬಿದ್ದರೆ ಸ್ಪ್ಯಾನರ್ ಹಿಡಿದು ಗಾಡಿಯ ಬಳಿ ಬರುವವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟು ಜನರಿದ್ದಾರೆ ಹೇಳಿ?

ಈಗ ಕ್ಷೇತ್ರ ಎತ್ತ ಸಾಗುತ್ತಿದೆ ಎಂಬ ಮಾತು. ಕಾರಿಗೆ ದೂರಸಂಪರ್ಕ ಜೋಡಿಸುವುದು ಹೊಸದಲ್ಲ. ಅಮೆರಿಕದ ಜನರಲ್ ಮೋಟರ್ಸ್ 1996ರಲ್ಲೇ ಆನ್‌ಸ್ಟಾರ್ ಸೇವೆ ಆರಂಭಿಸಿತ್ತು. ಅಪಘಾತವಾದರೆ ಕಾರೇ 112ಕ್ಕೆ ಕರೆ ಮಾಡುವ ಇ-ಕಾಲ್ ವ್ಯವಸ್ಥೆಯನ್ನು ಯುರೋಪ್ 2018ರ ಮಾರ್ಚ್ 31ರಿಂದ ಹೊಸ ಮಾದರಿಗಳಿಗೆ ಕಡ್ಡಾಯ ಮಾಡಿತು. ನಮ್ಮಲ್ಲಿ ಜನಸಾಮಾನ್ಯರ ಕಾರಿಗೆ ಇಂಟರ್‌ನೆಟ್ ಸಂಪರ್ಕ ಇಳಿದುಬಂದದ್ದು 2019ರಲ್ಲಿ, ಹ್ಯುಂಡೈ ವೆನ್ಯೂ ಮತ್ತು ಎಂಜಿ ಹೆಕ್ಟರ್ ಜೊತೆಗೆ. ಇಂದು ಕಾರನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಮೋಡೆಮ್ ಮತ್ತು ಇ-ಸಿಮ್ ಕಾರ್ಖಾನೆಯಲ್ಲೇ ಕೂರುತ್ತವೆ. ಮೊಬೈಲ್‌ನಂತೆ ಕಾರಿನ ತಂತ್ರಾಂಶವೂ ಗಾಳಿಯಲ್ಲೇ ಬಂದು ಹೊಸದಾಗುತ್ತದೆ. ಹಿಂದೆ ಹತ್ತಾರು ಪುಟ್ಟ ಪೆಟ್ಟಿಗೆಗಳು ಮಾಡುತ್ತಿದ್ದ ಕೆಲಸವನ್ನು ಎರಡು ಮೂರು ದೊಡ್ಡ ಕಂಪ್ಯೂಟರ್‌ಗಳು ವಹಿಸಿಕೊಳ್ಳುತ್ತಿವೆ. ಇದು ನೀವು ಈಗ ಕೆಲಸ ಮಾಡುವ ಬೆಂಗಳೂರಿನ ಲೋಕ. ಬಾಷ್, ಮರ್ಸಿಡಿಸ್-ಬೆಂಜ್‌ನಂಥವರ ಎಂಜಿನಿಯರಿಂಗ್ ಕೇಂದ್ರಗಳು ಇರುವ ಕಣದಲ್ಲಿ ಆರು ಲಕ್ಷ ಹಿಡಿದು ಇಳಿಯುವುದು ಬೇಡ.

ದೊಡ್ಡ ಅಂಕಿಗಳಿಗೂ ಮರುಳಾಗಬೇಡಿ. ಕಾರಿನ ಮಾಹಿತಿಯಿಂದ ಹುಟ್ಟುವ ಆದಾಯ 2030ರ ವೇಳೆಗೆ ಜಗತ್ತಿನಾದ್ಯಂತ 450ರಿಂದ 750 ಶತಕೋಟಿ ಡಾಲರ್ ಆಗಬಹುದೆಂದು ಮೆಕಿನ್ಸಿ ಸಂಸ್ಥೆ 2016ರಲ್ಲಿ ಅಂದಾಜು ಮಾಡಿತ್ತು. ಆದರೆ ಸೀಟು ಬಿಸಿಯಾಗಲು ತಿಂಗಳ ಶುಲ್ಕ ಕೇಳಿದ ಬಿಎಂಡಬ್ಲ್ಯು ಜನರ ಸಿಟ್ಟಿಗೆ ಗುರಿಯಾಗಿ 2023ರಲ್ಲಿ ಅದನ್ನು ಕೈಬಿಡಬೇಕಾಯಿತು. ಜನ ತಿಂಗಳು ತಿಂಗಳು ದುಡ್ಡು ಕೊಡುವುದು ತಮ್ಮ ಕಷ್ಟ ತಪ್ಪಿಸುವ ಸೇವೆಗೆ.

ಹಾಗಾದರೆ ಕಷ್ಟ ಯಾರಿಗಿದೆ? ಹೊಸ ಖಾಸಗಿ ಕಾರಿನವರನ್ನು ಬಿಡಿ, ಅವರಿಗೆ ಕಂಪನಿಯೇ ಎಲ್ಲ ಕೊಟ್ಟಿದೆ. ನಿಮ್ಮ ಗಿರಾಕಿಗಳು ಹಳದಿ ಫಲಕದ ವಾಹನಗಳು, ಶಾಲಾ ವಾಹನಗಳು, ಅಡಿಕೆ ಕೊಯ್ಲಿನಲ್ಲಿ ಬಿಡುವಿಲ್ಲದ ಪಿಕಪ್‌ಗಳು, ಜೋಗಕ್ಕೂ ಸಿಗಂದೂರಿಗೂ ಓಡುವ ಟ್ಯಾಕ್ಸಿಗಳು. ಅಂದ ಹಾಗೆ, 2025ರ ಜುಲೈ 14ರಂದು ಸಿಗಂದೂರಿನ ದಾರಿಯಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಲಾಂಚಿಗೆ ಸಾಲು ನಿಲ್ಲುವ ಕಾಲ ಮುಗಿಯಿತು. ಸಾಗರದ ಟ್ಯಾಕ್ಸಿಯವರು ದಿನದ ಟ್ರಿಪ್ಪುಗಳ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗಿದೆ. ಆ ಲೆಕ್ಕಕ್ಕೆ ಬೇಕಾದ ಮಾಹಿತಿ ಅವರ ಗಾಡಿಯಲ್ಲೇ ಇದೆ, ತೆಗೆದುಕೊಡುವವರು ಬೇಕು.

ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಳ ಸೂಚಕ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯ ಎನ್ನುವುದು ಕೇಂದ್ರ ಮೋಟಾರು ವಾಹನ ನಿಯಮ 125ಎಚ್. 2019ರ ಜನವರಿ 1ರಿಂದ ಹೊಸ ವಾಹನಗಳಿಗೆ ಅದು ಅನ್ವಯ. ದ್ವಿಚಕ್ರ, ತ್ರಿಚಕ್ರ ಮತ್ತು ಇ-ರಿಕ್ಷಾಗಳಿಗೆ ವಿನಾಯಿತಿ ಇದೆ. ಸಾಧನ ಹೇಗಿರಬೇಕೆಂದು ಹೇಳುವ ಮಾನದಂಡ ಎಐಎಸ್-140. ಇದನ್ನು ನೀವು ಒಮ್ಮೆ ಪೂರ್ತಿ ಓದಲೇಬೇಕು. ಸಿಗ್ನಲ್ ಇಲ್ಲದಾಗ ಕನಿಷ್ಠ 40,000 ಸ್ಥಾನಗಳನ್ನು ನೆನಪಿಟ್ಟುಕೊಳ್ಳಬೇಕು, ವಾಹನದ ಬ್ಯಾಟರಿ ತಂತಿ ಕಿತ್ತರೂ ಒಳಗಿನ ಬ್ಯಾಟರಿಯಿಂದ ನಾಲ್ಕು ಗಂಟೆ ನಡೆಯಬೇಕು, ತುರ್ತು ಗುಂಡಿ ಒತ್ತಿದಾಗ ಇಂಟರ್‌ನೆಟ್ ಸಿಗದಿದ್ದರೆ ಎಸ್ಸೆಮ್ಮೆಸ್ ಮೂಲಕವಾದರೂ ಸುದ್ದಿ ಮುಟ್ಟಿಸಬೇಕು ಎಂದು ಅದರಲ್ಲಿದೆ. ಓದುವಾಗ ನನಗೆ ಪ್ರತಿ ಸಲವೂ ನಮ್ಮ ಘಾಟಿಗಳೇ ಕಣ್ಣ ಮುಂದೆ ಬರುತ್ತವೆ. ಇಂಥ ಸಾಧನವನ್ನು ನೀವೇ ತಯಾರಿಸಬೇಕೆಂದರೆ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಿಂದ ಮಾದರಿ ಅನುಮೋದನೆ ಪಡೆಯಬೇಕು, ಆಮೇಲೆ ರಾಜ್ಯದ ಪಟ್ಟಿಗೆ ಸೇರಬೇಕು. ನಿಮ್ಮ ಆರು ಲಕ್ಷ ಅಲ್ಲೇ ಕರಗಿಹೋಗುತ್ತದೆ. ಅನುಮೋದನೆ ಪಡೆದ ಸಾಧನವನ್ನು ಕೊಂಡು, ಅಧಿಕೃತವಾಗಿ ಅಳವಡಿಸುವ ಮತ್ತು ನೋಡಿಕೊಳ್ಳುವ ಕೆಲಸ ಹಿಡಿಯಿರಿ.

ಅಳವಡಿಸುವುದೇನು ಮಹಾ ಎಂದು ಅನ್ನಿಸಬಹುದು. ಹೊಸನಗರದ ಕಡೆಯ ಒಂದು ಶಾಲಾ ವಾಹನದ ವಿಷಯ ಹೇಳುತ್ತೇನೆ. ಜುಲೈ ತಿಂಗಳು. ಮಳೆಗೆಂದು ಶಾಲೆಗಳಿಗೆ ನಾಲ್ಕು ದಿನ ರಜೆ ಕೊಟ್ಟಿದ್ದರು. ಐದನೆಯ ದಿನ ಬೆಳಿಗ್ಗೆ ಗಾಡಿ ಚಾಲೂ ಆಗಲಿಲ್ಲ, ಬ್ಯಾಟರಿ ಸತ್ತಿತ್ತು. ಹಿಂದಿನ ತಿಂಗಳಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದರು. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಟಾರ್ಚ್ ಹಿಡಿದರೆ, ಟ್ರ್ಯಾಕರ್ ತಂತಿಯನ್ನು ಗಾಡಿಯ ತಂತಿಗೆ ಬರಿಗೈಯಲ್ಲಿ ತಿರುಚಿ ಕಪ್ಪು ಟೇಪು ಸುತ್ತಿದ್ದರು. ಟೇಪಿನ ಅಂಟು ಕರಗಿ ಜಾರಿತ್ತು, ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಒಳಗಿನ ತಾಮ್ರದ ಎಳೆಗಳ ಮೇಲೆ ಹಸಿರು ಪುಡಿ ಕೂತಿತ್ತು. ಉಗುರಿನಿಂದ ಕೆರೆದರೆ ಎರಡು ಎಳೆ ಕಿತ್ತೇ ಬಂದವು. ಫ್ಯೂಸ್ ಇರಲಿಲ್ಲ. ನೆಲತಂತಿಯನ್ನು ಬಣ್ಣ ಬಳಿದ ತಗಡಿಗೆ ಸ್ಕ್ರೂ ಹಾಕಿ ಬಿಗಿದಿದ್ದರು.

ಅದೆಲ್ಲವನ್ನೂ ಸರಿಮಾಡಿದ ಮೇಲೂ ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ. ಮಲ್ಟಿಮೀಟರ್ ಹಿಡಿದು ಕಾದೆವು. ಶಿವಮೊಗ್ಗದಲ್ಲಿ ನಿಲ್ಲಿಸಿದಾಗ ಕೆಲವು ನಿಮಿಷಗಳಲ್ಲಿ ಟ್ರ್ಯಾಕರ್ ನಿದ್ದೆಗೆ ಜಾರುತ್ತಿತ್ತು. ಚಾಲಕನ ಮನೆಯ ಅಂಗಳದಲ್ಲಿ ನಿಲ್ಲಿಸಿದರೆ ಸುಮಾರು 150 ಮಿಲಿ ಆಂಪಿಯರ್ ಹೀರುತ್ತಲೇ ಇತ್ತು. ಅಲ್ಲಿ ಸಿಗ್ನಲ್ ಇರಲಿಲ್ಲ. ಪಾಪದ ಮೋಡೆಮ್ ಹಗಲೂ ರಾತ್ರಿ ಟವರ್ ಹುಡುಕುತ್ತಾ ಕೂಗುತ್ತಿತ್ತು. ಲೆಕ್ಕ ಹಾಕಿ ನೋಡಿ: ನಾಲ್ಕು ದಿನವೆಂದರೆ 96 ಗಂಟೆ, ಹದಿನಾಲ್ಕು ಆಂಪಿಯರ್ ಗಂಟೆಗೂ ಹೆಚ್ಚು. ಪುಟ್ಟ ವಾಹನದ ಬ್ಯಾಟರಿಗೆ ಅದು ದೊಡ್ಡ ಪೆಟ್ಟು. ಇಂಜಿನ್ ನಿಂತು ಹತ್ತು ನಿಮಿಷದೊಳಗೆ ಸಿಗ್ನಲ್ ಸಿಗದಿದ್ದರೆ ಮಲಗು, ಗಂಟೆಗೊಮ್ಮೆ ಎದ್ದು ನೋಡು ಎಂದು ಒಂದು ಸಾಲಿನ ಆಜ್ಞೆ ಬದಲಿಸಿದೆವು. ತೊಂದರೆ ಅಲ್ಲಿಗೆ ಮುಗಿಯಿತು. ಬಯಲುಸೀಮೆಯಲ್ಲಿ ಪರೀಕ್ಷಿಸಿ ತಂದ ಸಾಧನ ಮಲೆನಾಡಿನಲ್ಲಿ ಸೋಲುವುದು ಇಂಥ ಸಣ್ಣ ಸಂಗತಿಗಳಲ್ಲಿ. ನಿಮ್ಮ ಈಗಿನ ಕೆಲಸವೇ ಪರೀಕ್ಷೆ. ಇದು ನಿಮ್ಮ ಕೈಗೆ ಒಗ್ಗುವ ವಿದ್ಯೆ.

ಸಾಧನ ಆರಿಸುವಾಗ 4ಜಿ ಇರುವುದನ್ನೇ ಕೊಳ್ಳಿ. ಅಗ್ಗಕ್ಕೆ ಸಿಗುವ ಬಹಳಷ್ಟು ಟ್ರ್ಯಾಕರ್‌ಗಳು ಇನ್ನೂ 2ಜಿಯವು. ಹಳೆಯ ಜಾಲ ಮುಚ್ಚಿದ ದಿನ ಅದನ್ನು ನಂಬಿದ ಸಾಧನವೂ ಮೂಕವಾಗುತ್ತದೆ. ಅಮೆರಿಕದಲ್ಲಿ 2022ರಲ್ಲಿ 3ಜಿ ಜಾಲಗಳನ್ನು ಮುಚ್ಚಿದಾಗ ಸುಸ್ಥಿತಿಯಲ್ಲಿದ್ದ ಎಷ್ಟೋ ಕಾರುಗಳ ತುರ್ತು ಕರೆ ಸೌಲಭ್ಯ ಒಮ್ಮೆಲೇ ನಿಂತುಹೋಯಿತು. ಸಿಮ್ ವಿಷಯದಲ್ಲೂ ಎಚ್ಚರ ಬೇಕು. ನಿಮ್ಮ ಹೆಸರಿನಲ್ಲಿ ಸಾಮಾನ್ಯ ಸಿಮ್ ಕೊಂಡು ಗಿರಾಕಿಗಳ ಗಾಡಿಗೆ ಹಾಕುವ ಅಭ್ಯಾಸ ಹಲವರಿಗಿದೆ, ಮಾಡಬೇಡಿ. ಯಂತ್ರಗಳ ಸಂಪರ್ಕಕ್ಕೆಂದೇ 13 ಅಂಕಿಗಳ ಸಂಖ್ಯೆಯ ಪ್ರತ್ಯೇಕ ಸಿಮ್‌ಗಳಿವೆ, ಅಂಥ ಸೇವೆ ಕೊಡುವವರು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2022ರಿಂದ ಇದೆ. ನೋಂದಣಿ ಇರುವ ಕಂಪನಿಯ ಪಾಲುದಾರರಾಗುವುದು ಆರಂಭಕ್ಕೆ ಸುಲಭ.

ಒಂದು ಕೆಲಸವನ್ನು ಎಷ್ಟು ದುಡ್ಡು ಕೊಟ್ಟರೂ ಒಪ್ಪಿಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸಾಲದ ಕಂತು ಕಟ್ಟದವರ ಗಾಡಿಯನ್ನು ದೂರದಿಂದಲೇ ನಿಲ್ಲಿಸುವ ರಿಲೇ ಸ್ವಿಚ್ ಹಾಕಿಕೊಡಿ ಎಂದು ಸಾಲ ಕೊಟ್ಟವರು ಬರುತ್ತಾರೆ. ಓಡುತ್ತಿರುವ ಗಾಡಿಯ ಇಂಜಿನ್ ನಿಂತರೆ ಪವರ್ ಸ್ಟೀರಿಂಗ್‌ನ ಸಹಾಯ ಹೋಗುತ್ತದೆ. ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಸಲ ತುಳಿಯುವುದರೊಳಗೆ ಬರಿದಾಗುತ್ತದೆ. ಆಗುಂಬೆಯ ತಿರುವಿನಲ್ಲೋ ಹುಲಿಕಲ್ ಇಳಿಜಾರಿನಲ್ಲೋ ಯಾರದೋ ಕಚೇರಿಯಲ್ಲಿ ಕುಳಿತವರು ಗುಂಡಿ ಒತ್ತಿದರೆ ಏನಾಗುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ಕಳ್ಳತನದ ಭಯಕ್ಕೆ ಬೇಕೇ ಬೇಕೆಂದರೆ, ನಿಂತ ಗಾಡಿ ಮತ್ತೆ ಚಾಲೂ ಆಗದಂತೆ ಮಾತ್ರ ತಡೆಯುವ ಜೋಡಣೆ ಮಾಡಿ.

ಇನ್ನು ನಿಮ್ಮ ತಂದೆಯವರ ಗ್ಯಾರೇಜ್. ನನ್ನ ಮಟ್ಟಿಗೆ ಅದೇ ನಿಮ್ಮ ನಿಜವಾದ ಆಸ್ತಿ. ಅದಕ್ಕೆ ಅಪಾಯವೂ ಇದೆ. ಇಂಟರ್‌ನೆಟ್ ಇರುವ ಕಾರು ತನ್ನ ಕಾಯಿಲೆಯನ್ನು ಮೊದಲು ಹೇಳುವುದು ತಯಾರಕರಿಗೆ. ನಿಮ್ಮ ತಂದೆ ಸದ್ದು ಕೇಳಿ ರೋಗ ಗುರುತಿಸುವ ಮೊದಲೇ ಅಧಿಕೃತ ಸರ್ವಿಸ್ ಸೆಂಟರ್‌ನಿಂದ ಮಾಲೀಕರಿಗೆ ಕರೆ ಹೋಗಿರುತ್ತದೆ. ಜೊತೆಗೆ, ದೋಷ ಪತ್ತೆಗೆ ಸ್ಕ್ಯಾನರ್ ಚುಚ್ಚುವ, ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಒಬಿಡಿ ಕಿಂಡಿಗೆ ಕೆಲವು ತಯಾರಕರು ಬೀಗ ಹಾಕತೊಡಗಿದ್ದಾರೆ. ಕಾರಣವಿಲ್ಲದೆ ಅಲ್ಲ. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ಇಬ್ಬರು ಸಂಶೋಧಕರು ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯನ್ನು ಮನೆಯಲ್ಲಿ ಕುಳಿತೇ ಇಂಟರ್‌ನೆಟ್ ಮೂಲಕ ಹತೋಟಿಗೆ ತೆಗೆದುಕೊಂಡು ತೋರಿಸಿದರು. ಕಂಪನಿ 14 ಲಕ್ಷ ವಾಹನಗಳನ್ನು ಸರಿಪಡಿಸಬೇಕಾಯಿತು. ಯುರೋಪಿನಲ್ಲಿ 2024ರ ಜುಲೈನಿಂದ ಸೈಬರ್ ಸುರಕ್ಷತೆಯ ನಿಯಮ ಎಲ್ಲ ಹೊಸ ಕಾರುಗಳಿಗೂ ಅನ್ವಯವಾಗಿದೆ. ಇತ್ತ ನಮ್ಮ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ, ಕೊಂಡ ವಸ್ತುವನ್ನು ತಮಗೆ ಬೇಕಾದ ಕಡೆ ರಿಪೇರಿ ಮಾಡಿಸಿಕೊಳ್ಳುವ ದುರಸ್ತಿ ಹಕ್ಕಿನ ಪೋರ್ಟಲ್‌ನಲ್ಲಿ ವಾಹನ ಕ್ಷೇತ್ರವೂ ಸೇರಿದೆ. ಆ ಹಕ್ಕನ್ನು ಕೇಳಿ ಪಡೆಯಲು ಗ್ಯಾರೇಜಿನವರು ಒಟ್ಟಾಗಬೇಕು. ಆಟೊ ಕಾಂಪ್ಲೆಕ್ಸ್‌ನಲ್ಲಿ ಅಷ್ಟು ಗ್ಯಾರೇಜುಗಳು ಒಂದೇ ಕಡೆ ಇವೆ. ದುಬಾರಿ ಸ್ಕ್ಯಾನರ್ ಪರವಾನಗಿಯನ್ನು ಹತ್ತು ಜನ ಹಂಚಿಕೊಂಡು ನಡೆಸುವ ವ್ಯವಸ್ಥೆಯನ್ನು ನೀವೇ ಮುಂದೆ ನಿಂತು ಮಾಡಬಹುದು.

ಹಳೆಯ ಗಿರಾಕಿಗಳಿಗೆ ಏನು ಕೊಡಬಹುದೆಂಬುದಕ್ಕೆ ಬ್ಯಾಟರಿಯನ್ನೇ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯ ಆರೋಗ್ಯವಂತ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2ಕ್ಕೆ ಇಳಿದಿದ್ದರೆ ಅರ್ಧ ಬರಿದಾಗಿದೆ ಎಂದರ್ಥ. ಒಳ್ಳೆಯ ಟ್ರ್ಯಾಕರ್ ಈ ಅಂಕಿಯನ್ನು ಕಳುಹಿಸುತ್ತದೆ, ಆದರೆ ಯಾರೂ ನೋಡುವುದಿಲ್ಲ. ಪ್ರತಿ ಬೆಳಿಗ್ಗೆ ಆರು ಗಂಟೆಗೆ ನೀವು ಆ ಪಟ್ಟಿಯನ್ನು ನೋಡಿ, ಮೂರು ದಿನದಿಂದ ಇಳಿಯುತ್ತಿರುವ ಗಾಡಿಯವರಿಗೆ ಫೋನ್ ಮಾಡಿ: ‘ನಾಳೆ ಮದುವೆ ಬಾಡಿಗೆ ಇದೆ ಎಂದಿದ್ದಿರಿ, ಇವತ್ತೇ ಗಾಡಿ ತನ್ನಿ.’ ಆ ಒಂದು ಕರೆಯನ್ನು ಮಾಲೀಕರು ವರ್ಷಗಟ್ಟಲೆ ನೆನೆಯುತ್ತಾರೆ. ಗ್ಯಾರೇಜಿಗೆ ಕೆಲಸವೂ ಬರುತ್ತದೆ.

ಹಣದ ಲೆಕ್ಕವನ್ನು ಹೀಗೆ ಊಹಿಸಿಕೊಳ್ಳಿ. ಎರಡು ವರ್ಷದಲ್ಲಿ 200 ವಾಹನ, ಒಂದಕ್ಕೆ ವರ್ಷಕ್ಕೆ 2,000 ರೂಪಾಯಿ ಸೇವಾ ಶುಲ್ಕ, ಒಟ್ಟು ನಾಲ್ಕು ಲಕ್ಷ. ಸಿಮ್, ಸರ್ವರ್ ಬಾಡಿಗೆ, ಬೈಕಿನ ಪೆಟ್ರೋಲ್, ಒಬ್ಬ ಹುಡುಗನ ಸಂಬಳ ಕಳೆದರೆ ಕೈಯಲ್ಲಿ ಉಳಿಯುವುದು ಬಹಳವಲ್ಲ. ಬರೀ ಟ್ರ್ಯಾಕಿಂಗ್ ನಂಬಿ ಬದುಕಲಾಗದು ಎಂದು ನೇರವಾಗಿಯೇ ಹೇಳುತ್ತೇನೆ. ಆ 200 ಗಾಡಿಗಳ ದುರಸ್ತಿ, ಬ್ಯಾಟರಿ, ಟೈರು ನಿಮ್ಮಲ್ಲಿಗೆ ಬಂದಾಗ ಮಾತ್ರ ವ್ಯಾಪಾರ ನಿಲ್ಲುತ್ತದೆ. ಮೀನು ಮತ್ತು ಹಾಲಿನ ವಾಹನಗಳಿಗೆ ಉಷ್ಣಾಂಶ ಅಳೆಯುವ ಸಂವೇದಕ ಸೇರಿಸಿದರೆ ಶುಲ್ಕ ಹೆಚ್ಚು ಕೇಳಬಹುದು. ಓಡಿಸಿದಷ್ಟಕ್ಕೆ, ಓಡಿಸುವ ರೀತಿಗೆ ತಕ್ಕಂತೆ ಕಂತು ನಿಗದಿಪಡಿಸುವ ವಿಮೆಗೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2022ರ ಜುಲೈನಲ್ಲಿ ಅವಕಾಶ ಕೊಟ್ಟಿದೆ. ಅದು ನಮ್ಮ ಕಡೆ ಬೆಳೆದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಅದನ್ನೇ ನಂಬಿ ಸಾಲ ಮಾಡಬೇಡಿ.

ವಿಮೆಯ ಮಾತು ಬಂದಾಗ ಮಾಹಿತಿ ಯಾರದು ಎಂಬ ಪ್ರಶ್ನೆಯೂ ಬರುತ್ತದೆ. ಜನರಲ್ ಮೋಟರ್ಸ್ ತನ್ನ ಗ್ರಾಹಕರ ಚಾಲನೆಯ ವಿವರಗಳನ್ನು ಸರಿಯಾದ ಒಪ್ಪಿಗೆಯಿಲ್ಲದೆ ಬೇರೆ ಕಂಪನಿಗಳಿಗೆ ಕೊಟ್ಟಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕ್ರಮಕ್ಕೆ ಮುಂದಾಯಿತು. ನಮ್ಮಲ್ಲೂ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಸಣ್ಣ ಊರಿನಲ್ಲಿ ಇದು ಇನ್ನೂ ಸೂಕ್ಷ್ಮ. ಯಾರ ಕಾರು ಯಾವ ಆಸ್ಪತ್ರೆಯ ಮುಂದೆ, ಯಾರ ಮನೆಯ ಮುಂದೆ ನಿಂತಿತ್ತು ಎಂಬುದು ನಿಮ್ಮ ಕಂಪ್ಯೂಟರಿನಲ್ಲಿರುತ್ತದೆ. ನೆಂಟರು ಕೇಳುತ್ತಾರೆ, ಊರಿನ ಪ್ರಭಾವಿಗಳು ಕೇಳುತ್ತಾರೆ. ಯಾವ ಮಾಹಿತಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾರಿಗೆ ತೋರಿಸುತ್ತೀರಿ ಎಂದು ಒಂದು ಪುಟ ಕನ್ನಡದಲ್ಲಿ ಬರೆದು, ಮಾಲೀಕರ ಜೊತೆಗೆ ಚಾಲಕರ ಸಹಿಯನ್ನೂ ಹಾಕಿಸಿ. ಆ ಮೀನಿನ ಗಾಡಿಯ ಚಾಲಕನಿಗೆ ತನ್ನ ಮೇಲಿನ ಆರೋಪಕ್ಕೆ ಉತ್ತರ ಕೊಡಲು ತನ್ನದೇ ದಾಖಲೆ ನೋಡುವ ಹಕ್ಕಿರಲಿಲ್ಲ. ನಿಮ್ಮ ವ್ಯವಸ್ಥೆಯಲ್ಲಿ ಅದು ಇರಲಿ.

ಕೆಲಸ ಬಿಡುವ ಮೊದಲು ಒಂದು ಕೆಲಸ ಮಾಡಿ. ಬರುವ ಮಳೆಗಾಲದಲ್ಲಿ ರಜೆ ಹಾಕಿ ಎರಡು ಬೇರೆ ಬೇರೆ ಕಂಪನಿಯ 4ಜಿ ಟ್ರ್ಯಾಕರ್‌ಗಳನ್ನು ತಂದೆಯವರ ಗಾಡಿಗೆ ಹಾಕಿ. ಒಂದು ದಿನ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆ ಇಳಿದು ಸೋಮೇಶ್ವರದವರೆಗೆ ಹೋಗಿ ಬನ್ನಿ. ಇನ್ನೊಂದು ದಿನ ಹೊಸನಗರ, ಮಾಸ್ತಿಕಟ್ಟೆಯಿಂದ ಹುಲಿಕಲ್ ಘಾಟಿ ಇಳಿದು ಹೊಸಂಗಡಿ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ಸಿಗ್ನಲ್ ಹೋದ ಕಡೆ, ಬಂದ ಕಡೆ ಅವರು ಕಿಲೋಮೀಟರ್ ಕಲ್ಲನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ರಾತ್ರಿ ಮನೆಗೆ ಬಂದು ಆ ಬರಹವನ್ನೂ ಎರಡೂ ಸಾಧನಗಳ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಾಧನ ಬರೆಯುವುದು ಜಾಗತಿಕ ಸಮಯವಾಗಿದ್ದರೆ (ಯುಟಿಸಿ) ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರಬಹುದು, ಕೂಡಿಕೊಳ್ಳಲು ಮರೆಯಬೇಡಿ. ಎರಡರಲ್ಲಿ ಯಾವುದು ಘಾಟಿಯ ಒಂದು ತಿರುವನ್ನೂ ಕಳೆದುಕೊಂಡಿಲ್ಲವೋ ಅದನ್ನು ಕೊಳ್ಳಿ, ಆ ನೋಟ್‌ಬುಕ್ಕನ್ನು ಜೋಪಾನವಾಗಿಡಿ.